ಜೈಲು ಪಾದ್ರಿಗಳ ವರದಿಗಳನ್ನು ನಾನು ಓದುವ ರೀತಿ

ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನ ಜೈಲು ವರದಿಗಳಲ್ಲಿ ಒಂದು ದೂರು ಪದೇ ಪದೇ ಬರುತ್ತದೆ: ಕೆಟ್ಟ ಪುಸ್ತಕ ಓದಿ ಹುಡುಗರು ಕಳ್ಳರಾದರು ಅಂತ. ಪಾದ್ರಿಗಳೂ ಬರೆದಿದ್ದಾರೆ, ಕೈದಿಗಳೂ ಹೇಳಿದ್ದಾರೆ. ಇಂಥ ಹೇಳಿಕೆ ಸಿಕ್ಕರೆ ನಾನು ಮೊದಲು ನೋಡುವುದು ಆ ಕೈದಿಗೆ ಏನು ಕೇಳಿದ್ದರು ಅಂತ.

ಪ್ರೆಸ್ಟನ್ ಜೈಲಿನ ಪಾದ್ರಿ ಜಾನ್ ಕ್ಲೇ 1840ರ ದಶಕದಲ್ಲಿ ಕೈದಿಗಳಿಗೆ ತಿಂಗಳುಗಳ ಹೆಸರು, ರಾಣಿಯ ಹೆಸರು, ಏಸುವಿನ ಹೆಸರು ಗೊತ್ತಾ ಅಂತ ಕೇಳಿ ಲೆಕ್ಕ ಇಟ್ಟರು. ದರೋಡೆಕೋರ ಡಿಕ್ ಟರ್ಪಿನ್, ಕಳ್ಳ ಜ್ಯಾಕ್ ಶೆಪರ್ಡ್ ಕಥೆ ಎಷ್ಟು ಜನಕ್ಕೆ ಗೊತ್ತು ಅಂತಲೂ ಬರೆದುಕೊಂಡರು. ಕಥೆ ಗೊತ್ತಿದ್ದ ಮಾತ್ರಕ್ಕೆ ಪುಸ್ತಕ ಓದಿದ್ದಾರೆ ಅಂತ ಅಲ್ಲವಲ್ಲ! ಕೈದಿಗಳ ಬಗ್ಗೆ ಆಗಿನ ಸರ್ಕಾರಿ ಪಟ್ಟಿಗಳಲ್ಲಿ ಓದುಬರಹದ ಕಾಲಂ ಒಂದಿದೆ. ಸುಮಾರು ಮೂರರಲ್ಲಿ ಒಬ್ಬರಿಗೆ ಓದಲೂ ಬರುತ್ತಿರಲಿಲ್ಲ, ಬರೆಯಲೂ ಬರುತ್ತಿರಲಿಲ್ಲ, ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಬರುತ್ತಿದ್ದದ್ದು ಅರೆಬರೆ. ಈ ಕಾಲಂ ಪಕ್ಕದಲ್ಲಿಟ್ಟುಕೊಳ್ಳದೆ ನಾನು ಯಾವ ಪಾದ್ರಿಯ ಮಾತನ್ನೂ ಓದುವುದಿಲ್ಲ. ಏನ್ಸ್‌ವರ್ತ್ ಬರೆದ ಜ್ಯಾಕ್ ಶೆಪರ್ಡ್ ಕಾದಂಬರಿ 1839ರಲ್ಲಿ ಧಾರಾವಾಹಿಯಾಗಿ ಶುರುವಾಯಿತು, ಅದೇ ವರ್ಷ ಲಂಡನ್ನಿನ ಹಲವು ಕಡೆ ನಾಟಕವೂ ಆಯಿತು. ಅಕ್ಷರ ಬಾರದ ಹುಡುಗನಿಗೂ ಕಥೆ ತಲುಪಿದ್ದು ಹೀಗೆ.

ಆಮೇಲೆ ನೋಡುವುದು, ಕೈದಿ ಆ ಹೇಳಿಕೆಯನ್ನು ಯಾರ ಮುಂದೆ ಯಾವಾಗ ಕೊಟ್ಟ ಅಂತ. 1840ರಲ್ಲಿ ಕುರ್ವಾಸಿಯೆ ಎಂಬ ಸೇವಕ ತನ್ನ ಒಡೆಯ ಲಾರ್ಡ್ ವಿಲಿಯಂ ರಸಲ್‌ನ ಕತ್ತು ಕೊಯ್ದ. ಆ ಕಾದಂಬರಿಯೇ ಕಾರಣ ಅಂತ ಅವನು ಹೇಳಿದನೆಂದು ಪತ್ರಿಕೆಗಳಲ್ಲಿ ಬಂತು, ಏನ್ಸ್‌ವರ್ತ್ ಅಲ್ಲಗಳೆದರು. ಅವನ ತಪ್ಪೊಪ್ಪಿಗೆಗಳೋ, ಒಂದಕ್ಕೊಂದು ತಾಳೆಯೇ ಆಗುವುದಿಲ್ಲ. ಅದಕ್ಕೇ ಇಂಥವನ್ನು ತಾರೀಖಿನ ಪ್ರಕಾರ ಜೋಡಿಸಿಕೊಂಡು ಓದುತ್ತೇನೆ. ಒಂಟಿ ಕೋಣೆಯಲ್ಲಿ ದಿನ ದೂಡುವವನಿಗೆ ಮಾತಾಡಿಸಲು ಬರುವ ಕೆಲವೇ ಜನರಲ್ಲಿ ಪಾದ್ರಿಯೂ ಒಬ್ಬರು, ಅವರಿಗೆ ಯಾವ ಉತ್ತರ ಹಿಡಿಸುತ್ತದೆ ಅಂತ ಅವನಿಗೆ ಗೊತ್ತಾಗದೆ ಇರುತ್ತದಾ? ಅದನ್ನು ಸುಳ್ಳು ಅಂತ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಅವನೂ ತನ್ನ ಬದುಕು ಹೀಗ್ಯಾಕಾಯಿತು ಅಂತ ಹುಡುಕುತ್ತಿದ್ದ.

ವರದಿಗಳು ಶಿಕ್ಷೆಯ ಹತ್ತಿರ ನಿಂತುಬಿಡುತ್ತವೆ, ನನಗೆ ಅಲ್ಲಿ ನಿಲ್ಲಲು ಆಗುವುದಿಲ್ಲ. ಹೊರಗೆ ಬಂದವರನ್ನು ದಾಖಲೆ ಇರುವಷ್ಟು ದೂರ ಹಿಂಬಾಲಿಸುತ್ತೇನೆ. 1895ರಲ್ಲಿ ತಾಯಿಯನ್ನು ಕೊಂದ ರಾಬರ್ಟ್ ಕೂಂಬ್ಸ್‌ಗೆ 13 ವರ್ಷ. ಅವನು ಓದುತ್ತಿದ್ದ ಅಗ್ಗದ ಸಾಹಸಕಥೆಗಳೇ ಹಾಳು ಮಾಡಿದವು ಅಂತ ಪತ್ರಿಕೆಗಳು ಕೂಗಿದವು. ಅವನನ್ನು ಬ್ರಾಡ್‌ಮೂರ್ ಹುಚ್ಚಾಸ್ಪತ್ರೆಗೆ ಕಳಿಸಿದರು. ದೊಡ್ಡವನಾದ ಮೇಲೆ ಹೊರಬಂದು ಆಸ್ಟ್ರೇಲಿಯಾಕ್ಕೆ ಹೋದ, ಮೊದಲ ಮಹಾಯುದ್ಧದಲ್ಲಿ ಗಾಯಾಳುಗಳನ್ನು ಸ್ಟ್ರೆಚರ್‌ನಲ್ಲಿ ಹೊತ್ತ, ಮಿಲಿಟರಿ ಮೆಡಲ್ ಪಡೆದ.