ರಾತ್ರಿ ಎಂಟಾದ ಮೇಲೆ ಮಲಗುವ ಸರ್ವರ್: ಸೆಟೆದದ್ದು ಕಾರ್ಡೋ, ಕರ್ನಲ್ಲೋ?

ಕೋಲಾರ ಜಿಲ್ಲೆಯಲ್ಲಿ ಕೇಬಲ್ ಟಿವಿಯಿಂದ ಇಂಟರ್‌ನೆಟ್ಟಿಗೆ ಬಂದ ಸಣ್ಣ ಜಾಲಗಳ ಹೊಟ್ಟೆಯೊಳಗೆ ಸಾಮಾನ್ಯವಾಗಿ ಒಂದೇ ಲಿನಕ್ಸ್ ಪೆಟ್ಟಿಗೆ ಇರುತ್ತದೆ. ಎರಡು ಗಿಗಾಬಿಟ್ ಪೋರ್ಟು. ಒಂದು ಮೇಲಿನ ಲೈನಿಗೆ, ಇನ್ನೊಂದು ಗಿರಾಕಿಗಳ ಕಡೆಗೆ. ಗಿರಾಕಿಗಳು ಹೆಸರು, ಪಾಸ್‌ವರ್ಡ್ ಕೊಟ್ಟು ಒಳಬರುವ ಪಿಪಿಪಿಒಇ ಲಾಗಿನ್ನೂ ಅದರಲ್ಲೇ. ಹಗಲೆಲ್ಲ ಗುಂಡುಕಲ್ಲಿನ ಹಾಗಿರುವ ಈ ಪೆಟ್ಟಿಗೆ ರಾತ್ರಿ ಎಂಟರಿಂದ ಹತ್ತೂವರೆಯೊಳಗೆ, ಅದರಲ್ಲೂ ಕ್ರಿಕೆಟ್ ಇದ್ದ ದಿನ, ಮಲಗಿಬಿಡುತ್ತದೆ. ರೀಬೂಟ್ ಮಾಡಿದರೆ ಎದ್ದು ಕೂರುತ್ತದೆ. ಆಗ ಮೊದಲು ರ‍್ಯಾಮ್ ಬದಲಾಯಿಸುತ್ತಾರೆ, ಆಮೇಲೆ ಎಸ್‌ಎಂಪಿಎಸ್ (ಪವರ್ ಸಪ್ಲೈ). ನಾವೂ ಅದೇ ಕ್ರಮದಲ್ಲಿ ದುಡ್ಡು ಹಾಳು ಮಾಡಿದ್ದೇವೆ. ನೆಟ್‌ವರ್ಕ್ ಕಾರ್ಡಿನ ಸರದಿ ಬರುವುದು ಕೊನೆಗೆ.

ಹೊರಗಿನಿಂದ ಒಂದೇ ಥರ ಕಾಣುವ ಮೂರು ಕಾಯಿಲೆಗಳಿವೆ: ಕಾರ್ಡು ಸೆಟೆದುಕೊಂಡಿದ್ದು, ಕರ್ನಲ್ (ಲಿನಕ್ಸಿನ ತಿರುಳು) ಪ್ಯಾನಿಕ್ ಆಗಿ ನಿಂತುಹೋದದ್ದು, ಬರುವ ಪ್ಯಾಕೆಟ್ಟುಗಳಲ್ಲಿ ಸಿಪಿಯು ಮುಳುಗಿಹೋದದ್ದು. ಮೂರಕ್ಕೂ ಪಿಂಗ್ ಉತ್ತರ ಬರುವುದಿಲ್ಲ. ಹಾಗಾಗಿ ರೀಬೂಟ್ ಬಟನ್ನಿಗೆ ಕೈ ಹಾಕುವ ಮೊದಲು ಮಾನಿಟರು, ಕೀಬೋರ್ಡು ಹಾಕಿ ನೋಡಬೇಕು. ಲಾಗಿನ್ ಆಗುತ್ತದೆ, ಆದರೆ ನೆಟ್ ಇಲ್ಲ ಎಂದರೆ ಕಾರ್ಡು. ಅಕ್ಷರ ಒತ್ತಿದರೆ ಪರದೆಗೆ ಬರಲು ಹತ್ತು ಸೆಕೆಂಡು ಹಿಡಿದರೆ ಸಿಪಿಯು ಮುಳುಗಿದೆ. ಏನೂ ಅಲ್ಲಾಡದೆ ಕ್ಯಾಪ್ಸ್‌ಲಾಕ್ ದೀಪ ಮಿಣುಕುತ್ತಿದ್ದರೆ ಪ್ಯಾನಿಕ್. ಈ ದೀಪದ ಗುರುತು ಹಳೆಯ ಪಿಎಸ್2 ಕೀಬೋರ್ಡಿನಲ್ಲಿ ಸಿಗುತ್ತದೆ, ಯುಎಸ್‌ಬಿಯದನ್ನು ನಂಬಬೇಡಿ. ಅದಕ್ಕೇ ಒಂದು ಹಳೇ ಕೀಬೋರ್ಡನ್ನು ರ‍್ಯಾಕಿನ ಪಕ್ಕದಲ್ಲೇ ನೇತುಹಾಕಿದ್ದೇವೆ.

ಪ್ಯಾನಿಕ್ ಆದರೆ ಸಂದೇಶ ಡಿಸ್ಕಿಗೆ ಬರೆಯುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ, ಲಾಗ್ ಫೈಲಿನಲ್ಲಿ ಹುಡುಕಿ ಪ್ರಯೋಜನವಿಲ್ಲ. ನೆಟ್‌ಕನ್ಸೋಲ್ ಹಾಕಿದರೆ ಕರ್ನಲ್ ಸಾಯುತ್ತಾ ಹೇಳಿದ ಮಾತು ಯುಡಿಪಿ 6666 ಪೋರ್ಟಿನಲ್ಲಿ ಪಕ್ಕದ ಇನ್ನೊಂದು ಪಿಸಿಗೆ ಹೋಗುತ್ತದೆ. ಅನುಮಾನ ಇರುವ ಕಾರ್ಡಿನ ಮೂಲಕವೇ ಅದನ್ನು ಕಳಿಸಿದರೆ ಒಂದಕ್ಷರವೂ ತಲುಪುವುದಿಲ್ಲ. ಬೇರೆ ಕಾರ್ಡು ಬೇಕು. ಮದರ್‌ಬೋರ್ಡಿನಲ್ಲಿ ಸೀರಿಯಲ್ ಪೋರ್ಟ್ ಇದ್ದರೆ 115200 ವೇಗದಲ್ಲಿ ಅದೇ ವಾಸಿ.

ಲಾಗಿನ್ ಸಿಕ್ಕಿತೆನ್ನಿ, ಆಗ ಮೊದಲು ಓದಬೇಕಾದದ್ದು ಡಿಮೆಸೇಜ್ (dmesg), ಅಂದರೆ ಕರ್ನಲ್ಲಿನ ಸಂದೇಶಗಳ ಪಟ್ಟಿ. 'ನೆಟ್‌ಡೆವ್ ವಾಚ್‌ಡಾಗ್, ಟ್ರಾನ್ಸ್‌ಮಿಟ್ ಕ್ಯೂ ಟೈಮ್ಡ್ ಔಟ್' ಎಂಬ ಸಾಲು ಇದ್ದರೆ, ಕರ್ನಲ್ ಕೊಟ್ಟ ಪ್ಯಾಕೆಟ್ಟನ್ನು ಕಾರ್ಡು ಕಳಿಸದೆ ಇಟ್ಟುಕೊಂಡಿದೆ ಎಂದರ್ಥ. ಆಮೇಲೆ ಇಥ್‌ಟೂಲ್ (ethtool) ಎಂಬ ಕಮಾಂಡಿಗೆ ಕ್ಯಾಪಿಟಲ್ ಎಸ್ (-S) ಕೊಟ್ಟು ಕಾರ್ಡಿನ ಎಣಿಕೆಗಳನ್ನು ನೋಡಿ. ಹೆಸರುಗಳು ಡ್ರೈವರಿನಿಂದ ಡ್ರೈವರಿಗೆ ಬದಲಾಗುತ್ತವೆ, ಅರ್ಥ ಒಂದೇ. ಸಿಆರ್‌ಸಿ ದೋಷ (ದಾರಿಯಲ್ಲಿ ಕೆಟ್ಟ ಪ್ಯಾಕೆಟ್ಟು) ಏರುತ್ತಿದ್ದರೆ ಕೇಬಲ್, ಆರ್‌ಜೆ45 ಕ್ರಿಂಪು, ಇಲ್ಲವೇ ಸಿಡಿಲು ಬಡಿದ ಪೋರ್ಟು. ಆರ್‌ಎಕ್ಸ್ (ಬರುವ ಕಡೆಯ) ಮಿಸ್ಡ್ ಏರುತ್ತಿದ್ದರೆ ಕಾರ್ಡು ತಂದುಕೊಟ್ಟದ್ದನ್ನು ಸರ್ವರ್ ಖಾಲಿ ಮಾಡುತ್ತಿಲ್ಲ, ಅದು ಕಾರ್ಡಿನ ತಪ್ಪಲ್ಲ. ಟಿಎಕ್ಸ್ (ಕಳಿಸುವ ಕಡೆಯ) ಟೈಮ್‌ಔಟ್ ಏರಿದ್ದರೆ ಮಾತ್ರ ಕಾರ್ಡು, ಅದರ ಡ್ರೈವರು, ಸ್ಲಾಟು. ಐದು ನಿಮಿಷ ಬಿಟ್ಟು ಎರಡು ಸಲ ಬರೆದಿಟ್ಟುಕೊಂಡು ವ್ಯತ್ಯಾಸ ನೋಡಬೇಕು. ಒಂದೇ ಸಲದ ದೊಡ್ಡ ಸಂಖ್ಯೆ ಹೋದ ವರ್ಷದ್ದೂ ಆಗಿರಬಹುದು.

ಮೆಗಾಬಿಟ್ ಗ್ರಾಫನ್ನು ನೋಡಿ 'ಲೈನು ಅರ್ಧವೂ ತುಂಬಿರಲಿಲ್ಲವಲ್ಲ' ಎನ್ನುವವರೇ ಹೆಚ್ಚು. ಒಂದು ಗಿಗಾಬಿಟ್ ಲೈನು 1500 ಬೈಟಿನ ಪ್ಯಾಕೆಟ್ಟುಗಳಿಂದ ತುಂಬಿದಾಗ ಸೆಕೆಂಡಿಗೆ ಸುಮಾರು 81 ಸಾವಿರ ಪ್ಯಾಕೆಟ್ಟು. ಅದೇ ಲೈನು 64 ಬೈಟಿನ ಫ್ರೇಮುಗಳಿಂದ ತುಂಬಿದರೆ 14.88 ಲಕ್ಷ. ಕಾರ್ಡಿಗೂ ಸಿಪಿಯುವಿಗೂ ಭಾರವಾಗುವುದು ಬೈಟು ಅಲ್ಲ, ಪ್ಯಾಕೆಟ್ಟಿನ ಲೆಕ್ಕ. ಗಿರಾಕಿಯ ಮನೆಯ ವೈರಸ್ ಹಿಡಿದ ಒಂದು ಸಿಸಿಟಿವಿ ಡಿವಿಆರ್ ಸಣ್ಣ ಯುಡಿಪಿ ಪ್ಯಾಕೆಟ್ಟು ಎರಚಲು ಶುರುಮಾಡಿದರೆ ಗ್ರಾಫು ಏಳುವುದೇ ಇಲ್ಲ, ಸರ್ವರ್ ಮಲಗಿರುತ್ತದೆ. ಗ್ರಾಫಿನಲ್ಲಿ ಪ್ಯಾಕೆಟ್ಟಿನ ಗೆರೆಯನ್ನೂ ಹಾಕಿ.

ಪಿಪಿಪಿಒಇ ಇರುವಲ್ಲಿ ಇನ್ನೊಂದು ಒಳಸುಳಿ. ನಾಲ್ಕು ಕ್ಯೂ (ಪ್ಯಾಕೆಟ್ಟಿನ ಸಾಲು) ಇರುವ ಒಳ್ಳೆಯ ಕಾರ್ಡೇ ತಂದಿರುತ್ತೀರಿ, ಆದರೂ ಟಾಪ್ ಕಮಾಂಡಿನಲ್ಲಿ ನೋಡಿದರೆ ಒಂದೇ ಕೋರ್ ಶೇಕಡಾ 100 ಆಗಿ, ಬಂದ ಪ್ಯಾಕೆಟ್ಟು ನಿಭಾಯಿಸುವ 'ಕೆಸಾಫ್ಟ್‌ಐಆರ್‌ಕ್ಯುಡಿ' ಮೇಲೆ ಕೂತಿರುತ್ತದೆ, ಉಳಿದ ಮೂರು ಆಕಳಿಸುತ್ತಿರುತ್ತವೆ. ಗಿಗಾಬಿಟ್ ಕಾರ್ಡುಗಳಲ್ಲಿ ಹೆಚ್ಚಿನವು ಐಪಿ ಹೆಡರ್ ನೋಡಿ ಪ್ಯಾಕೆಟ್ಟನ್ನು ಕ್ಯೂಗಳಿಗೆ ಹಂಚುತ್ತವೆ. ಪಿಪಿಪಿಒಇ ಹೊದಿಕೆ ಅವಕ್ಕೆ ಅರ್ಥವಾಗದೆ ಎಲ್ಲವನ್ನೂ ಸೊನ್ನೆ ನಂಬರಿನ ಕ್ಯೂಗೇ ಸುರಿಯುತ್ತವೆ. ಗಿರಾಕಿ ಕಡೆಯ ಪೋರ್ಟಿನ ಆರ್‌ಎಕ್ಸ್-0 ಕ್ಯೂ ಫೋಲ್ಡರಿನಲ್ಲಿ ಆರ್‌ಪಿಎಸ್ ಸಿಪಿಯುಸ್ (rps_cpus) ಎಂಬ ಫೈಲಿದೆ. ನಾಲ್ಕು ಕೋರಿಗೆ ಅದರಲ್ಲಿ 'ಎಫ್' ಬರೆಯಿರಿ. ಇಂಟರಪ್ಟ್ ತೆಗೆದುಕೊಳ್ಳುವ ಮೊದಲ ಕೋರನ್ನು ಬಿಡಬೇಕೆಂದರೆ 'ಇ'. ಹಂಚುವ ಕೆಲಸವನ್ನು ಆಗ ಕರ್ನಲ್ಲೇ ಮಾಡುತ್ತದೆ, ಅದಕ್ಕೆ ಪಿಪಿಪಿಒಇ ಒಳಗೆ ಇಣುಕುವುದು ಗೊತ್ತು. ಹೊಸ ಸರ್ವರ್ ಕೊಳ್ಳುವ ಮೊದಲು ಇದೊಂದನ್ನು ಮಾಡಿ ನೋಡಿ.

ಇನ್ನು ನಿಜವಾಗಿ ಸೆಟೆದುಕೊಳ್ಳುವ ಕಾರ್ಡು. ಮೊದಲು ಟಿಎಸ್‌ಒ ಆಫ್ ಮಾಡುತ್ತೇವೆ, ಇಥ್‌ಟೂಲಿನಲ್ಲಿ ಕ್ಯಾಪಿಟಲ್ ಕೆ. ದೊಡ್ಡ ಡೇಟಾ ತುಂಡು ಮಾಡುವ ಕೆಲಸ ಕಾರ್ಡಿನ ತಲೆಯಿಂದ ಇಳಿಯುತ್ತದೆ. ಪ್ಯಾಕೆಟ್ಟು ದಾಟಿಸುವ ಪೆಟ್ಟಿಗೆಗೆ ಇದರಿಂದ ದೊಡ್ಡ ನಷ್ಟವಿಲ್ಲ. ಬಂದ ಪ್ಯಾಕೆಟ್ಟುಗಳನ್ನು ಒಟ್ಟುಗೂಡಿಸುವ ಜಿಆರ್‌ಒ ಅನ್ನೂ ಅದೇ ಏಟಿಗೆ ಆಫ್ ಮಾಡಿದರೆ ಸಿಪಿಯು ಭಾರ ಏರುತ್ತದೆ, ಯಾವುದರಿಂದ ವಾಸಿಯಾಯಿತೆಂದೂ ತಿಳಿಯುವುದಿಲ್ಲ. ಆಮೇಲೆ ವಿದ್ಯುತ್ ಉಳಿಸುವ ಚೇಷ್ಟೆಗಳು: ಇಇಇ ಆಫ್, ಬೂಟ್ ಸಾಲಿನಲ್ಲಿ ಪಿಸಿಐಇ ಎಎಸ್‌ಪಿಎಂ ಆಫ್. ರಿಂಗ್ ಬಫರ್ (ಪ್ಯಾಕೆಟ್ಟು ಕಾಯುವ ಜಾಗ) 256 ಇದ್ದರೆ 1024ಕ್ಕೆ, ಸಾಲದಿದ್ದರೆ 2048ಕ್ಕೆ. ನೇರ 4096ಕ್ಕೆ ಹಾರುವುದು ನಮಗೆ ಹಿಡಿಸಲ್ಲ, ಪ್ಯಾಕೆಟ್ಟು ಬೀಳುವ ಬದಲು ಸಾಲಿನಲ್ಲಿ ನಿಂತು ತಡವಾಗುತ್ತದೆ. ರಿಂಗ್ ಬದಲಾಯಿಸಿದ ಕ್ಷಣ ಲಿಂಕ್ ಒಮ್ಮೆ ಬಿದ್ದೇಳುತ್ತದೆ, ಬೆಳಗಿನ ಜಾವ ನಾಲ್ಕಕ್ಕೆ ಮಾಡಿ. ಇವೆಲ್ಲ ರೀಬೂಟಿಗೆ ಅಳಿಸಿಹೋಗುತ್ತವೆ, ಬೂಟ್ ಸಾಲಿನದು ಬಿಟ್ಟು. ಬೂಟಾದಾಗ ತಾನೇ ಓಡುವ ಸಿಸ್ಟಮ್‌ಡಿ ಯೂನಿಟ್ಟಿನಲ್ಲೋ, ನೆಟ್‌ವರ್ಕ್ ಫೈಲಿನ ಪೋಸ್ಟ್-ಅಪ್ ಸಾಲಿನಲ್ಲೋ ಬರೆದಿಡಿ.

ಒಂದು ಸರ್ವರ್ ಮಲಗಿದರೆ ಇಡೀ ಸ್ವಿಚ್ಚೇ ಮಲಗುವುದೂ ಉಂಟು. ಕರ್ನಲ್ ಸತ್ತರೂ ಕಾರ್ಡಿಗೆ ಜೀವ ಇರುತ್ತದೆ. ಬಫರ್ ತುಂಬಿದ ಅದು 'ನಿಲ್ಲಿ, ನಿಲ್ಲಿ' ಎಂದು ಪಾಸ್ ಫ್ರೇಮ್ ಕಳಿಸುತ್ತಲೇ ಇರುತ್ತದೆ, ಸ್ವಿಚ್ಚು ಪಾಪ ಮಾತು ಕೇಳುತ್ತದೆ. ಕೇಬಲ್ ಕಿತ್ತ ತಕ್ಷಣ ಉಳಿದವೆಲ್ಲ ಎದ್ದರೆ ಇದೇ. ಇಥ್‌ಟೂಲಿಗೆ ಕ್ಯಾಪಿಟಲ್ ಎ ಕೊಟ್ಟು ಫ್ಲೋ ಕಂಟ್ರೋಲನ್ನು (ಈ 'ನಿಲ್ಲಿ' ಎನ್ನುವ ವ್ಯವಸ್ಥೆಯನ್ನು) ಎರಡೂ ದಿಕ್ಕಿಗೆ ಆಫ್ ಮಾಡಿ.

ರೀಬೂಟಿಗೂ ಏಳದ ಕಾರ್ಡಿಗೆ ಸರ್ವರಿನ ಕರೆಂಟು ವೈರು ಕಿತ್ತು ಅರ್ಧ ನಿಮಿಷ ಬಿಡಬೇಕು, ಯಾಕೆಂದರೆ ಮೆಷಿನ್ ಆಫ್ ಆಗಿದ್ದರೂ ಸ್ಟ್ಯಾಂಡ್‌ಬೈ ಕರೆಂಟು ಕಾರ್ಡಿಗೆ ಹೋಗುತ್ತಲೇ ಇರುತ್ತದೆ. 2013ರಲ್ಲಿ ಬೆಳಕಿಗೆ ಬಂದ ಇಂಟೆಲ್ 82574ಎಲ್ ಎಂಬ ನೆಟ್‌ವರ್ಕ್ ಚಿಪ್ಪಿನ ಪ್ರಕರಣದಲ್ಲಿ ಒಂದು ನಿರ್ದಿಷ್ಟ ಬೈಟು ಒಂದು ನಿರ್ದಿಷ್ಟ ಜಾಗದಲ್ಲಿದ್ದ ಒಂದೇ ಪ್ಯಾಕೆಟ್ಟು ಕಾರ್ಡನ್ನು ಮಲಗಿಸುತ್ತಿತ್ತು. ಕರೆಂಟು ಕೀಳದೆ ಅದು ಏಳುತ್ತಿರಲಿಲ್ಲ. ಒಬ್ಬ ಮದರ್‌ಬೋರ್ಡ್ ತಯಾರಕರು ಇಇಪ್ರಾಮ್‌ಗೆ (ಚಿಪ್ಪಿನ ಸೆಟ್ಟಿಂಗ್ ಇರುವ ಮೆಮೊರಿ) ತಪ್ಪು ಇಮೇಜ್ ಫೈಲು ಬರೆದದ್ದು ಕಾರಣ ಎಂದು ಇಂಟೆಲ್ ಹೇಳಿತು.

ನಮ್ಮ ಕಡೆಯ ನಿಜವಾದ ಶತ್ರುಗಳು ಎರಡು, ಧೂಳು ಮತ್ತು ಸಿಡಿಲು. ಟೇಕಲ್, ಮಾಲೂರಿನ ಕಡೆ ಕಲ್ಲುಪುಡಿ ಹೀಟ್‌ಸಿಂಕಿನ ಮೇಲೆ ಸಿಮೆಂಟಿನ ಹಾಗೆ ಕೂರುತ್ತದೆ. 10 ಗಿಗಾಬಿಟ್ ತಾಮ್ರದ ಕಾರ್ಡಾದರೆ ಗಾಳಿ ನಿಂತ ಕೂಡಲೇ ಕುದಿಯುತ್ತದೆ. ಮೂರು ತಿಂಗಳಿಗೊಮ್ಮೆ ಬ್ಲೋವರ್ ಹೊಡೆದು, ಕಾರ್ಡು ತೆಗೆದು, ಅಂಚನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸುತ್ತೇವೆ. ಪೆನ್ಸಿಲ್ ರಬ್ಬರ್ ಬೇಡ: ಅಲ್ಲಿರುವ ಚಿನ್ನದ ಲೇಪ ಒಂದು ಮೈಕ್ರಾನಿಗಿಂತ ತೆಳು, ಕೆಜಿಎಫ್‌ನ ಪಕ್ಕದಲ್ಲಿದ್ದುಕೊಂಡು ಚಿನ್ನ ಉಜ್ಜಿ ಕಳೆಯಬಾರದು. ಮತ್ತೆ ಕೂರಿಸಿದ ಮೇಲೆ ಎಲ್‌ಎಸ್‌ಪಿಸಿಐ (lspci) ಕಮಾಂಡಿನಲ್ಲಿ ಎಕ್ಸ್4 (ನಾಲ್ಕು ಲೇನಿನ) ಕಾರ್ಡು ಎಕ್ಸ್1 ಆಗಿ ಇಳಿದಿದೆಯೇ ನೋಡಿ, ಇಳಿದಿದ್ದರೆ ಸ್ಲಾಟ್ ಸರಿಯಾಗಿ ಹಿಡಿದಿಲ್ಲ. ಅಶ್ವಿನಿ, ಭರಣಿ ಮಳೆಯ ಗುಡುಗಿಗೆ ಕಟ್ಟಡದಿಂದ ಕಟ್ಟಡಕ್ಕೆ ಎಳೆದ ತಾಮ್ರದ ಕೇಬಲ್ಲೇ ದಾರಿ. ಪೂರ್ತಿ ಸುಟ್ಟ ಪೋರ್ಟು ಪುಣ್ಯವಂತ, ಅರ್ಧ ಸುಟ್ಟದ್ದೇ ಕಾಡುವುದು: ಹಗಲು ಸರಿ, ಲೋಡಿಗೆ ಕೈಕೊಡುತ್ತದೆ. ಅಲ್ಲಿ ಫೈಬರ್ ಎಳೆದು ಮೀಡಿಯಾ ಕನ್ವರ್ಟರ್ ಹಾಕಿದ್ದೇವೆ.

ಬದಲಾವಣೆ ಒಂದೊಂದೇ, ಪ್ರತಿಯೊಂದರ ನಂತರ ಪರೀಕ್ಷೆ. ವೇಗ ಅಳೆಯುವ ಐಪರ್ಫ್3 ದೊಡ್ಡ ಪ್ಯಾಕೆಟ್ಟಿಗೆ ಸಾಕು, ಸಣ್ಣದಕ್ಕೆ ಕರ್ನಲ್ಲಿನ ಪ್ಯಾಕೆಟ್‌ಜೆನ್ (pktgen) ಬೇಕು, ಅದರಲ್ಲಿ ಅಳತೆ 60 ಎಂದು ಕೊಡಿ, ಕೊನೆಯ 4 ಬೈಟು ಕಾರ್ಡೇ ಸೇರಿಸುತ್ತದೆ. ಎರಡೂ ದಿಕ್ಕಿಗೆ ಒಂದೊಂದು ಗಂಟೆ, ಪೆಟ್ಟಿಗೆಯ ಮುಚ್ಚಳ ಹಾಕಿಯೇ. ಅಷ್ಟರಲ್ಲಿ ಟಿಎಕ್ಸ್ ಟೈಮ್‌ಔಟ್ ಒಂದೇ ಒಂದು ಏರಿದರೂ ಆ ಕಾರ್ಡು ಮತ್ತೆ ರ‍್ಯಾಕಿಗೆ ಹೋಗುವುದಿಲ್ಲ. ಆಫೀಸಿನ ಬಿಲ್ಲಿಂಗ್ ಪಿಸಿಗೆ ಹೋಗುತ್ತದೆ.