ಇ-ಸ್ಪೋರ್ಟ್ಸ್ ಪಂದ್ಯ: ಕೊನೆ ಸಾಲಿನವರನ್ನೂ ಆಟದೊಳಗೆ ಕರೆತರುವುದು ಹೇಗೆ?

ಇ-ಸ್ಪೋರ್ಟ್ಸ್, ಅಂದರೆ ತಂಡಗಳು ಸ್ಪರ್ಧೆಯಾಗಿ ಆಡುವ ವಿಡಿಯೊ ಗೇಮ್ ಪಂದ್ಯವನ್ನು ಮನೆಯಲ್ಲೇ ಕೂತು ಯೂಟ್ಯೂಬ್‌ನಲ್ಲೋ ಟ್ವಿಚ್‌ನಲ್ಲೋ ನೋಡಬಹುದು. ಚಿತ್ರ ಸ್ಪಷ್ಟ, ಕಾಮೆಂಟರಿ ಸ್ಪಷ್ಟ, ಖರ್ಚೂ ಇಲ್ಲ. ಹಾಗಿದ್ದೂ ಜನ ಟಿಕೆಟ್ ಕೊಂಡು ಸಭಾಂಗಣಕ್ಕೆ ಬರುತ್ತಾರೆ. ಸಾವಿರಾರು ಮಂದಿ ಒಂದೇ ಕ್ಷಣಕ್ಕೆ ಎದ್ದು ಕೂಗುವಾಗ ತಾವೂ ಅದರಲ್ಲಿ ಇರಬೇಕು ಅನ್ನುವ ಆಸೆ ಅವರದು. ಪಂದ್ಯ ಏರ್ಪಡಿಸುವ ನೀವು ತರುವ ಪ್ರತಿ ಲೈಟು, ಪ್ರತಿ ಸ್ಕ್ರೀನು ಆ ಕ್ಷಣಕ್ಕೆ ಬಲ ಕೊಡಬೇಕು. ಕೊಡದ ಉಪಕರಣ ಎಷ್ಟೇ ಹೊಸದಾಗಿದ್ದರೂ ಬೇಡ.

1. ಕೊನೆ ಸಾಲಿನಿಂದ ಶುರು ಮಾಡಿ

ವೇದಿಕೆಯ ನಕ್ಷೆ ಬಿಡಿಸುವ ಮೊದಲು ಹೋಗಿ ಕೊನೆ ಸಾಲಿನಲ್ಲಿ ಕೂತುಕೊಳ್ಳಿ. ಅಲ್ಲಿಂದ ಆಟಗಾರರ ಮುಖ ಕಾಣುವುದಿಲ್ಲ. ಕಾಣುವುದು ಸ್ಕ್ರೀನ್ ಮಾತ್ರ. ಹಾಗಾಗಿ ಹಣ ಮೊದಲು ಹೋಗಬೇಕಾದದ್ದು ಸ್ಕ್ರೀನಿನ ಅಳತೆಗೆ.

ಎಲ್‌ಇಡಿ ಗೋಡೆಯಲ್ಲಿ ಚುಕ್ಕಿ ಚುಕ್ಕಿಗಳ ನಡುವಿನ ಅಂತರಕ್ಕೆ ಪಿಕ್ಸೆಲ್ ಪಿಚ್ ಅನ್ನುತ್ತಾರೆ. ಈ ಕೆಲಸ ಮಾಡುವವರ ಅಂದಾಜು ಸುಲಭ: ಪಿಚ್ ಎಷ್ಟು ಮಿಲಿಮೀಟರೋ, ಸುಮಾರು ಅಷ್ಟು ಮೀಟರ್ ದೂರದಿಂದ ಚಿತ್ರ ಚೆನ್ನಾಗಿ ಕಾಣುತ್ತದೆ. ಮೊದಲ ಸಾಲೇ 8 ಮೀಟರ್ ದೂರದಲ್ಲಿದ್ದರೆ 2 ಮಿ.ಮೀ. ಪಿಚ್ಚಿನ ದುಬಾರಿ ಗೋಡೆ ಸುಮ್ನೆ ದಂಡ. ಅದೇ ಹಣಕ್ಕೆ 4 ಮಿ.ಮೀ. ಪಿಚ್ಚಿನ ದೊಡ್ಡ ಗೋಡೆ ತನ್ನಿ.

ಇನ್ನೊಂದು ವಿಷಯವನ್ನು ತುಂಬಾ ಜನ ಮರೆಯುತ್ತಾರೆ. ನೇರಪ್ರಸಾರದ ಗ್ರಾಫಿಕ್ಸ್ ಮಾಡಿರುವುದು ಕಣ್ಣೆದುರಿನ ಮಾನಿಟರಿಗೆ. ಮಿನಿಮ್ಯಾಪ್ (ಮೂಲೆಯ ಚಿಕ್ಕ ನಕ್ಷೆ), ಆಟಗಾರರ ಹೆಲ್ತ್ (ಉಳಿದಿರುವ ಜೀವಬಲ), ಯಾರು ಯಾರನ್ನು ಹೊಡೆದರು ಅನ್ನುವ ಪಟ್ಟಿ, ಎಲ್ಲವೂ ಅಲ್ಲಿ ಸಣ್ಣ ಅಕ್ಷರದಲ್ಲಿರುತ್ತವೆ. ಸಭಾಂಗಣಕ್ಕೆ ಬೇರೆಯದೇ ಫೀಡ್ (ಸ್ಕ್ರೀನಿಗೆ ಕಳಿಸುವ ಚಿತ್ರ) ಮಾಡಿ. ಮಧ್ಯದ ಸ್ಕ್ರೀನಿನಲ್ಲಿ ಆಟ ಮಾತ್ರ ಇರಲಿ. ಮ್ಯಾಪ್, ಸ್ಕೋರು, ಆಟಗಾರರ ಕ್ಯಾಮೆರಾ ಪಕ್ಕದ ಸ್ಕ್ರೀನುಗಳಿಗೆ ಹೋಗಲಿ, ಅಕ್ಷರ ದೊಡ್ಡದಿರಲಿ.

2. ಆಟವೇ ಲೈಟು ಹಾಕಲಿ

ನನ್ನ ಪ್ರಕಾರ ಅತಿ ಕಡಿಮೆ ಖರ್ಚಿಗೆ ಅತಿ ಹೆಚ್ಚು ರೋಮಾಂಚನ ಸಿಗುವುದು ಇಲ್ಲೇ. ಕೌಂಟರ್-ಸ್ಟ್ರೈಕ್ (ಒಂದು ತಂಡ ಬಾಂಬ್ ಇಡಲು, ಇನ್ನೊಂದು ತಡೆಯಲು ಹೋರಾಡುವ ಶೂಟಿಂಗ್ ಆಟ) ಮತ್ತು ಡೋಟಾ 2 ಆಟಗಳಲ್ಲಿ ಗೇಮ್ ಸ್ಟೇಟ್ ಇಂಟಿಗ್ರೇಷನ್ ಎಂಬ ಸೌಲಭ್ಯವಿದೆ. ಅಬ್ಸರ್ವರ್ (ಪ್ರೇಕ್ಷಕರಿಗೆ ಆಟದ ದೃಶ್ಯ ಆರಿಸಿ ತೋರಿಸುವವರು) ಬಳಸುವ ಕಂಪ್ಯೂಟರಿನಲ್ಲಿ ಒಂದು ಚಿಕ್ಕ ಕಾನ್ಫಿಗ್ ಫೈಲ್ (ಸೆಟ್ಟಿಂಗ್ ಬರೆದ ಕಡತ) ಇಡಬೇಕು. ಆಟದಲ್ಲಿ ಏನಾಗುತ್ತಿದೆ ಎಂಬ ಮಾಹಿತಿಯನ್ನು ಆಟವೇ ನೀವು ಹೇಳಿದ ವಿಳಾಸಕ್ಕೆ ಕಳಿಸುತ್ತಾ ಹೋಗುತ್ತದೆ. ರೌಂಡ್ ಶುರುವಾಯಿತು, ಬಾಂಬ್ ಇಟ್ಟಾಯಿತು, ರೌಂಡ್ ಯಾರ ಪಾಲಾಯಿತು, ಎಲ್ಲವೂ ಬರುತ್ತದೆ.

ಆ ಮಾಹಿತಿಯನ್ನು ಓದಲು ಒಂದು ಪುಟ್ಟ ಪ್ರೋಗ್ರಾಂ ಬರೆಯಬೇಕು. ಅದು ಲೈಟಿಂಗ್ ಸಾಫ್ಟ್‌ವೇರ್‌ಗೆ ಸೂಚನೆ ಕೊಡುತ್ತದೆ. ಅಲ್ಲಿಂದ ಆರ್ಟ್-ನೆಟ್ ಎಂಬ ನೆಟ್‌ವರ್ಕ್ ವಿಧಾನದ ಮೂಲಕ ಸೂಚನೆ ಡಿಎಂಎಕ್ಸ್ (ವೇದಿಕೆಯ ಲೈಟು ನಡೆಸುವ ಪದ್ಧತಿ) ಲೈಟುಗಳಿಗೆ ತಲುಪುತ್ತದೆ. ಒಂದು ಡಿಎಂಎಕ್ಸ್ ಯೂನಿವರ್ಸ್‌ನಲ್ಲಿ, ಅಂದರೆ ಒಂದು ಗುಂಪಿನಲ್ಲಿ, 512 ಚಾನೆಲ್‌ಗಳಿರುತ್ತವೆ; ಲೈಟಿನ ಬಣ್ಣ, ಪ್ರಖರತೆಯಂಥ ಒಂದೊಂದನ್ನು ಒಂದೊಂದು ಚಾನೆಲ್ ನಡೆಸುತ್ತದೆ. ಚಿಕ್ಕ ಟೂರ್ನಿಗೆ ಇಷ್ಟು ಸಾಕಷ್ಟಾಯಿತು. ಕ್ಯೂಎಲ್‌ಸಿ ಪ್ಲಸ್ ಎಂಬ ಲೈಟಿಂಗ್ ಸಾಫ್ಟ್‌ವೇರ್ ಉಚಿತ. ಒಂದು ಲ್ಯಾಪ್‌ಟಾಪ್ ಮತ್ತು ಬೆರಳೆಣಿಕೆಯ ಲೈಟುಗಳಿದ್ದರೆ ಕಾಲೇಜು ಮಟ್ಟದ ಪಂದ್ಯದಲ್ಲೂ ಇದನ್ನು ಮಾಡಬಹುದು.

ಕೌಂಟರ್-ಸ್ಟ್ರೈಕ್‌ನಲ್ಲಿ ಬಾಂಬ್ ಇಟ್ಟಮೇಲೆ ಸಿಡಿಯಲು 40 ಸೆಕೆಂಡ್ ಇರುತ್ತದೆ. ಆಗ ಇಡೀ ಸಭಾಂಗಣ ಕೆಂಪಾಗಲಿ. ಸಮಯ ಕಳೆದಂತೆ ಬೆಳಕಿನ ಮಿಡಿತ ವೇಗವಾಗಲಿ. ಬಾಂಬ್ ಡಿಫ್ಯೂಸ್ (ನಿಷ್ಕ್ರಿಯ) ಆದ ಕೂಡಲೇ ತಣ್ಣನೆ ನೀಲಿ ಬರಲಿ. ಆಟ ಗೊತ್ತಿಲ್ಲದೆ ಮಗನ ಜೊತೆ ಬಂದ ಅಪ್ಪ-ಅಮ್ಮನಿಗೂ ಈಗೇನೋ ದೊಡ್ಡದು ನಡೆಯುತ್ತಿದೆ ಅಂತ ಗೊತ್ತಾಗುತ್ತದೆ. ಆದರೆ ಪ್ರತಿ ಹೊಡೆತಕ್ಕೂ ಲೈಟು ಮಿನುಗಿಸಬೇಡಿ. ಮೂರೋ ನಾಲ್ಕೋ ಘಟನೆ ಆರಿಸಿಕೊಳ್ಳಿ. ಜಾಸ್ತಿಯಾದರೆ ಅರ್ಧ ಗಂಟೆಯಲ್ಲಿ ಜನ ಲೈಟಿನ ಕಡೆ ನೋಡುವುದನ್ನೇ ಬಿಡುತ್ತಾರೆ.

ಒಂದು ಎಚ್ಚರಿಕೆ ಬೇಕು. ಮಾಹಿತಿ ಲೈಟಿಗೆ ಬೇಗ ತಲುಪುತ್ತದೆ, ಚಿತ್ರ ಸ್ಕ್ರೀನಿಗೆ ತಡವಾಗಿ ತಲುಪುತ್ತದೆ. ಸೆಕೆಂಡಿಗೆ 60 ಫ್ರೇಮ್ ಇರುವಾಗ ಒಂದು ಫ್ರೇಮಿಗೆ ಸುಮಾರು 16.7 ಮಿಲಿಸೆಕೆಂಡ್ ಹಿಡಿಯುತ್ತದೆ. ಸ್ವಿಚರ್ (ಒಂದು ಚಿತ್ರದಿಂದ ಇನ್ನೊಂದಕ್ಕೆ ಬದಲಿಸುವ ಯಂತ್ರ), ಗ್ರಾಫಿಕ್ಸ್, ಎಲ್‌ಇಡಿ ಪ್ರೊಸೆಸರ್, ಹೀಗೆ ಪ್ರತಿ ಹಂತವೂ ಒಂದೋ ಎರಡೋ ಫ್ರೇಮ್ ತಿಂದರೆ ಲೈಟು ಚಿತ್ರಕ್ಕಿಂತ ಮುಂದೆ ಓಡುತ್ತದೆ. ಫಲಿತಾಂಶ ಲೈಟಿನಿಂದಲೇ ಬಯಲಾದರೆ ಮಜಾ ಹೋಯಿತು, ಅಲ್ವಾ? ಪ್ರೋಗ್ರಾಮಿನಲ್ಲೇ ತಡದ ಅಂಕಿ ಬದಲಿಸುವ ಅವಕಾಶ ಇಟ್ಟುಕೊಳ್ಳಿ. ಎರಡೂ ಒಟ್ಟಿಗೆ ಬರುವವರೆಗೆ ಕಣ್ಣಿನಿಂದಲೇ ಹೊಂದಿಸಿ.

3. ಆಟಗಾರರಿಗೆ ಅನ್ಯಾಯವಾಗದಿರಲಿ

ಪ್ರೇಕ್ಷಕರಿಗೆ ಎರಡೂ ತಂಡ ಕಾಣುತ್ತದೆ, ಆಟಗಾರರಿಗೆ ಕಾಣುವುದಿಲ್ಲ. ಗೋಡೆಯ ಹಿಂದೆ ಎದುರಾಳಿ ಅಡಗಿದ್ದಾಗ ಜನ ಕೂಗಿದರೆ ಸುಳಿವು ಸಿಕ್ಕಂತೆಯೇ. ಅದಕ್ಕೆ ಶಬ್ದ ನುಗ್ಗದ ಬೂತ್ ಬೇಕು. ಇಲ್ಲವೇ ಕಿವಿಯೊಳಗಿನ ಇಯರ್‌ಫೋನಿನಲ್ಲಿ ಆಟದ ಸದ್ದು, ಅದರ ಮೇಲೆ ವೈಟ್ ನಾಯ್ಸ್ (ಹೊರಗಿನ ಶಬ್ದ ಮುಚ್ಚುವ ಒಂದೇ ಸಮನೆಯ ಸದ್ದು) ತುಂಬಿದ ಹೆಡ್‌ಸೆಟ್ ಕೊಡಬೇಕು. ಬೂತ್ ಹಾಕಿದರೆ ಜನರಿಗೂ ಆಟಗಾರರಿಗೂ ನಡುವೆ ಗಾಜು ಬರುತ್ತದೆ, ಆ ಬೇಸರ ನಿಜ. ಆದರೂ ನ್ಯಾಯ ಮೊದಲು.

ಲೈಟಿಗೂ ಇದೇ ನಿಯಮ. ಎರಡೂ ತಂಡಕ್ಕೆ ಆಟದಲ್ಲೇ ತಿಳಿದಿರುವ ಸಂಗತಿಗೆ ಮಾತ್ರ ಲೈಟು ಬದಲಾಗಲಿ. ಬಾಂಬ್ ಇಟ್ಟದ್ದು ಎರಡೂ ತಂಡಕ್ಕೆ ಗೊತ್ತಾಗುತ್ತದೆ, ಹಾಗಾಗಿ ತೊಂದರೆ ಇಲ್ಲ. ಯಾರೋ ಹಿಂದಿನಿಂದ ನುಸುಳಿ ಬರುತ್ತಿರುವುದಕ್ಕೆ ಲೈಟು ಹಾಕಿದರೆ ದೊಡ್ಡ ತೊಂದರೆ. ದೊಡ್ಡ ಸ್ಕ್ರೀನು ಯಾವುದಾದರೂ ಗಾಜಿನಲ್ಲಿ ಪ್ರತಿಫಲಿಸಿ ಆಟಗಾರರಿಗೆ ಕಾಣುತ್ತದೆಯೇ ಅಂತ ಅವರ ಕುರ್ಚಿಯಲ್ಲೇ ಕೂತು ನೋಡಿ.

4. ಸದ್ದು

ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಚಲಿಸುತ್ತದೆ. ವೇದಿಕೆಯಿಂದ 34 ಮೀಟರ್ ಹಿಂದೆ ಕೂತವರಿಗೆ ಅದು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ತಡ. ಹಿಂದಿನ ಸಾಲಿಗೆ ಬೇರೆ ಸ್ಪೀಕರ್ ಇಟ್ಟಾಗ ಅದಕ್ಕೂ ಅಷ್ಟೇ ತಡ ಕೊಡಿ. ಇಲ್ಲದಿದ್ದರೆ ಕಾಸ್ಟರ್ (ಕಾಮೆಂಟರಿ ಹೇಳುವವರು) ಮಾತು ಎರಡೆರಡು ಸಲ ಕೇಳಿ ಕಲಸಿಹೋಗುತ್ತದೆ. ಜೋರು ಬೇಕು ನಿಜ, ಮಿತಿಯೂ ಬೇಕು. ಇಂಥ ಜಾಗಗಳಲ್ಲಿ 15 ನಿಮಿಷದ ಸರಾಸರಿ 100 ಡೆಸಿಬಲ್ ದಾಟಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ.

5. ಆಗ್ಮೆಂಟೆಡ್ ರಿಯಾಲಿಟಿ (ಎಆರ್) ಯಾರಿಗೆ?

2017ರಲ್ಲಿ ಬೀಜಿಂಗ್‌ನ ಬರ್ಡ್ಸ್ ನೆಸ್ಟ್ ಕ್ರೀಡಾಂಗಣದಲ್ಲಿ ಲೀಗ್ ಆಫ್ ಲೆಜೆಂಡ್ಸ್ ಎಂಬ ಆಟದ ವಿಶ್ವ ಫೈನಲ್ ನಡೆಯಿತು. ಉದ್ಘಾಟನೆಗೆ ಆಗ್ಮೆಂಟೆಡ್ ರಿಯಾಲಿಟಿಯ, ಅಂದರೆ ಕ್ಯಾಮೆರಾ ಚಿತ್ರಕ್ಕೆ ಕಂಪ್ಯೂಟರ್ ಸೇರಿಸಿದ, ದೈತ್ಯ ಡ್ರ್ಯಾಗನ್ ಹಾರಿ ಬಂತು. ಅದು ಇದ್ದದ್ದು ಕ್ಯಾಮೆರಾದ ಚಿತ್ರದಲ್ಲಿ. ಕ್ರೀಡಾಂಗಣದಲ್ಲಿ ತಲೆ ಎತ್ತಿ ನೋಡಿದವರಿಗೆ ಬರೀ ಆಕಾಶ. ಪ್ರಸಾರದ ದೃಷ್ಟಿಯಿಂದ ಅದು ಅದ್ಭುತವೇ. ಎಆರ್ ಮೊದಲು ಮನೆಯಲ್ಲಿ ಕೂತು ನೋಡುವವರಿಗೆ ಸಲ್ಲುವ ಉಡುಗೊರೆ ಅನ್ನುವುದನ್ನು ತಿಳಿದುಕೊಂಡೇ ಅದಕ್ಕೆ ಹಣ ಹಾಕಿ.

ಎದುರಿಗೆ ಕೂತವರಿಗೆ ಏನಾದರೂ ಕೊಡಬೇಕಾದರೆ ಎಲ್‌ಇಡಿ ನೆಲ, ಪ್ರೊಜೆಕ್ಷನ್ ಮ್ಯಾಪಿಂಗ್ (ವೇದಿಕೆಯ ವಸ್ತುಗಳ ಆಕಾರಕ್ಕೆ ಹೊಂದುವಂತೆ ಚಿತ್ರ ಬೀಳಿಸುವುದು), ಬೆಳಗುವ ಕೈಪಟ್ಟಿ ಒಳ್ಳೆಯವು. ಕೈಪಟ್ಟಿಗಳಲ್ಲಿ ಕೆಲವು ಇನ್‌ಫ್ರಾರೆಡ್ ಕಿರಣದಿಂದ ನಡೆಯುತ್ತವೆ. ಕಿರಣ ಬಿದ್ದ ಕಡೆ ಮಾತ್ರ ಬೆಳಗುವುದರಿಂದ ಎಡಭಾಗಕ್ಕೆ ಒಂದು ತಂಡದ ಬಣ್ಣ, ಬಲಭಾಗಕ್ಕೆ ಇನ್ನೊಂದರ ಬಣ್ಣ ಕೊಡಬಹುದು. ಪಂದ್ಯ ಮುಗಿದಮೇಲೆ ಬಾಗಿಲಲ್ಲೇ ವಾಪಸ್ ತೆಗೆದುಕೊಳ್ಳಿ. ಬ್ಯಾಟರಿಗಳು ಕಸದ ಬುಟ್ಟಿ ಸೇರಬಾರದು.

ಮೊಬೈಲ್ ಆ್ಯಪ್‌ನಲ್ಲಿ ವೋಟು ಹಾಕಿಸುವ ಯೋಚನೆ ಇದ್ದರೆ ಮೊದಲು ವೈ-ಫೈ ನೋಡಿ. ಸಾವಿರಾರು ಫೋನ್ ಒಂದೇ ಕಡೆ ಸೇರಿದರೆ ನೆಟ್‌ವರ್ಕ್ ಉಸಿರು ಕಟ್ಟುತ್ತದೆ. ಆಟದ ಕಂಪ್ಯೂಟರುಗಳದ್ದು ಪ್ರತ್ಯೇಕ ಕೇಬಲ್ ನೆಟ್‌ವರ್ಕ್ ಆಗಿರಲಿ.

6. ಎಲ್ಲರೂ ನೋಡುವಂತಿರಲಿ

ಮಿನುಗುವ ಬೆಳಕು ಕೆಲವರಿಗೆ ಮೂರ್ಛೆ ತರಿಸಬಹುದು. ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಸಲ ಮಿನುಗಿಸಬೇಡಿ. ಮಿಡಿತ ಎಷ್ಟೇ ವೇಗವಾದರೂ ಈ ಗೆರೆ ದಾಟಬಾರದು. ಟಿಕೆಟ್ ಪುಟದಲ್ಲೂ ಬಾಗಿಲಲ್ಲೂ ಎಚ್ಚರಿಕೆ ಬರೆಯಿರಿ. ತಂಡಗಳಿಗೆ ಕೆಂಪು-ಹಸಿರು ಜೋಡಿ ಬೇಡ, ಬಣ್ಣ ಗುರುತಿಸಲು ಕಷ್ಟಪಡುವವರಿಗೆ ನೀಲಿ-ಕಿತ್ತಳೆ ಸುಲಭ. ಸದ್ದು ಸಾಕೆನಿಸಿದವರು ಕೂರಲು ಒಂದು ಶಾಂತ ಕೋಣೆ ಇಡಿ.

7. ಆಟ ನಿಂತಾಗ ಏನು?

ಹಿಂದಿನ ದಿನ ಹಳೆಯ ಪಂದ್ಯದ ರೆಕಾರ್ಡಿಂಗ್ ಹಾಕಿ, ಮೊದಲಿಂದ ಕೊನೆಯವರೆಗೆ ಲೈಟು-ಸದ್ದು ಎಲ್ಲ ಓಡಿಸಿ ನೋಡಿ. ನಡುವೆ ಬೇಕೆಂದೇ ಒಂದು ಕೇಬಲ್ ಕಿತ್ತು ನೋಡಿ. ಮಾಹಿತಿ ನಿಂತರೆ ಲೈಟು ಕೈಯಲ್ಲಿ ನಡೆಸಲು ಒಬ್ಬರು ಸಿದ್ಧರಿರಬೇಕು. ಆಟದ ಕಂಪ್ಯೂಟರುಗಳಿಗೆ ಯುಪಿಎಸ್ ಇರಲೇಬೇಕು.

ಎಷ್ಟೇ ತಯಾರಿ ಮಾಡಿದರೂ ಟೆಕ್ನಿಕಲ್ ಪಾಸ್ (ತಾಂತ್ರಿಕ ತೊಂದರೆಯಿಂದ ಆಟ ನಿಲ್ಲುವುದು) ಬಂದೇ ಬರುತ್ತದೆ. ಮೌಸ್ ಕೈಕೊಡುತ್ತದೆ, ಸರ್ವರ್ ಬೀಳುತ್ತದೆ. ಆಗ ಜನರನ್ನು ಕತ್ತಲಲ್ಲಿ ಕೂರಿಸಬೇಡಿ. ಕಾರಣವೇನು, ಎಷ್ಟು ಹೊತ್ತಾಗಬಹುದು ಅಂತ ದೊಡ್ಡ ಸ್ಕ್ರೀನಿನಲ್ಲೇ ಹಾಕಿ. ಹತ್ತು ನಿಮಿಷಕ್ಕಾಗುವಷ್ಟು ರಿಪ್ಲೇ ಕೈಯಲ್ಲಿರಲಿ, ಪ್ರೇಕ್ಷಕರ ಮೇಲೆ ಒಂದು ಕ್ಯಾಮೆರಾ ತಿರುಗಲಿ. ಆಟ ಮತ್ತೆ ಶುರುವಾಗುವ ಒಂದು ನಿಮಿಷ ಮೊದಲು ಸಭಾಂಗಣದ ಲೈಟಿನಲ್ಲಿ ಸೂಚನೆ ಕೊಡಿ. ಅದೇ ಸೂಚನೆ ಹೊರಗಿನ ಹಾದಿಯ ಟಿವಿಗಳಲ್ಲೂ ಬರಲಿ. ನೀರು ಕುಡಿಯಲು ಹೋದವರು ವಾಪಸ್ ಬಂದು ಕೂರಲು ಅಷ್ಟು ಸಮಯ ಬೇಕಾಗುತ್ತದೆ.