ಪಾರ್ಶ್ವವಾಯುವಿನ ನಂತರ ಕೊಲೆಸ್ಟ್ರಾಲ್ ಮಾತ್ರೆ: ತಪ್ಪದೆ ನಡೆಸಿಕೊಂಡು ಹೋಗುವುದು ಹೇಗೆ?

ಮಂಡ್ಯದ ಔಷಧಿ ಅಂಗಡಿಯಲ್ಲಿ ನಾನು ಪದೇ ಪದೇ ನೋಡುವ ತಪ್ಪೊಂದಿದೆ. ಲಕ್ವ ಹೊಡೆದು ಚೇತರಿಸಿಕೊಂಡವರ ಮಗನೋ ಸೊಸೆಯೋ ಬಂದು ಬಿ.ಪಿ. ಮಾತ್ರೆ, ಸಕ್ಕರೆ ಮಾತ್ರೆಗಳನ್ನು ತೆಗೆದುಕೊಂಡು, ಚೀಟಿಯಲ್ಲಿರುವ ಅಟಾರ್ವಾಸ್ಟಾಟಿನ್ ಎಂಬ ಕೊಲೆಸ್ಟ್ರಾಲ್ ಮಾತ್ರೆಯ ಮೇಲೆ ಬೆರಳಿಟ್ಟು, ‘ಇದು ಬೇಡ ಸಾರ್, ಕೊಲೆಸ್ಟ್ರಾಲ್ ನಾರ್ಮಲ್ ಬಂದಿದೆ’ ಎನ್ನುತ್ತಾರೆ.

ಮೊದಲು ಡಿಸ್ಚಾರ್ಜ್ ಶೀಟ್ ತೆಗೆದು, ಪಾರ್ಶ್ವವಾಯು ಯಾವ ಬಗೆಯದೆಂದು ನೋಡಿ. ‘ಇನ್ಫಾರ್ಕ್ಟ್’ ಎಂದಿದ್ದರೆ ಮಿದುಳಿನ ರಕ್ತನಾಳ ಕಟ್ಟಿಕೊಂಡಿತ್ತೆಂದು ಅರ್ಥ. ಇಲ್ಲಿ ಹೇಳುತ್ತಿರುವುದು ಅದರ ಬಗ್ಗೆ. ‘ಹೆಮರೇಜ್’ ಎಂದಿದ್ದರೆ, ಅಂದರೆ ರಕ್ತಸ್ರಾವವಾಗಿದ್ದರೆ, ಈ ಮಾತ್ರೆ ಬೇಕೇ ಬೇಡವೇ ಎಂಬುದನ್ನು ವೈದ್ಯರೇ ಪ್ರತ್ಯೇಕವಾಗಿ ನಿರ್ಧರಿಸಬೇಕು.

ಎರಡನೆಯದಾಗಿ, ಮಾತ್ರೆಯನ್ನು ದಿನವೂ ಒಂದೇ ಹೊತ್ತಿಗೆ ನುಂಗಿ. ಅಟಾರ್ವಾಸ್ಟಾಟಿನ್, ಅದೇ ಬಗೆಯ ರೋಸುವಾಸ್ಟಾಟಿನ್‌ಗಳಿಗೆ ರಾತ್ರಿಯೇ ಆಗಬೇಕೆಂಬ ನಿಯಮವಿಲ್ಲ.

ಎಲ್ಲರೂ ಎಡವುವುದು ಮೂರನೆಯ ಹಂತದಲ್ಲಿ, ರಿಪೋರ್ಟ್ ಓದುವಾಗ. ಒಟ್ಟು ಕೊಲೆಸ್ಟ್ರಾಲ್ ಬಿಟ್ಟು ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್‌ನ ಸಾಲನ್ನು ನೋಡಿ. ಲ್ಯಾಬಿನವರು ಅದರ ಪಕ್ಕದಲ್ಲಿ ಸಾಮಾನ್ಯವಾಗಿ 100ರ ಒಳಗೆ ಎಂದು ಅಚ್ಚು ಹಾಕಿರುವುದರಿಂದ, 95 ಬಂದರೆ ಮನೆಯವರಿಗೆ ಸಮಾಧಾನವಾಗುತ್ತದೆ. ಆ ಮಿತಿ ಎಲ್ಲರಿಗೂ ಹಾಕಿದ್ದು. ರಕ್ತನಾಳದಲ್ಲಿ ಕೊಬ್ಬು ಕಟ್ಟಿ ಪಾರ್ಶ್ವವಾಯುವಾದವರಿಗೆ ಗುರಿ 70ರ ಒಳಗೆ. ಫ್ರಾನ್ಸ್ ಮತ್ತು ದಕ್ಷಿಣ ಕೊರಿಯಾದ ಇಂಥ 2,860 ರೋಗಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 90ರಿಂದ 110ರ ಗುರಿಯಿಟ್ಟುಕೊಂಡವರ ಪೈಕಿ ಶೇ 10.9 ಮಂದಿಗೆ ಪಾರ್ಶ್ವವಾಯು, ಹೃದಯಾಘಾತದಂಥ ದೊಡ್ಡ ತೊಂದರೆಗಳಾದರೆ, 70ರ ಒಳಗಿನ ಗುರಿಯವರಲ್ಲಿ ಅದು ಶೇ 8.5 ಇತ್ತು. ಎಲ್‌ಡಿಎಲ್ ಇಳಿದಿರುವುದು ಮಾತ್ರೆಯಿಂದಲೇ. ನಿಲ್ಲಿಸಿದರೆ ಕೆಲವೇ ವಾರಗಳಲ್ಲಿ ಯಕೃತ್ತು ಮೊದಲಿನಂತೆಯೇ ಕೊಲೆಸ್ಟ್ರಾಲ್ ತಯಾರಿಸುತ್ತದೆ. ಮಾತ್ರೆ ಆರಂಭಿಸಿದ 4ರಿಂದ 12 ವಾರಗಳೊಳಗೆ ಮರುಪರೀಕ್ಷೆ ಮಾಡಿಸಿ. ಗುರಿ ತಲುಪದಿದ್ದರೆ ವೈದ್ಯರು ಪ್ರಮಾಣ ಹೆಚ್ಚಿಸಬಹುದು ಇಲ್ಲವೇ 10 ಮಿ.ಗ್ರಾಂ. ಎಜೆಟಿಮೈಬ್ ಎಂಬ ಇನ್ನೊಂದು ಕೊಲೆಸ್ಟ್ರಾಲ್ ಮಾತ್ರೆ ಸೇರಿಸಬಹುದು. ತೊಡೆ, ತೋಳುಗಳ ಸ್ನಾಯು ನೋವೆಂದು ನೀವಾಗಿಯೇ ಬಿಡಬೇಡಿ. ಪ್ರಮಾಣ ತಗ್ಗಿಸಲು, ಮಾತ್ರೆ ಬದಲಿಸಲು ದಾರಿಗಳಿವೆ. ನೋವಿನ ಜೊತೆ ಮೂತ್ರ ಕಡುಕಂದು ಬಣ್ಣಕ್ಕೆ ತಿರುಗಿದರೆ ಮಾತ್ರ ಅಂದೇ ಆಸ್ಪತ್ರೆಗೆ ಹೋಗಿ.

ನಾಟಿ ಔಷಧಿ ಶುರುಮಾಡಿದ್ದೇವೆಂದು ಈ ಮಾತ್ರೆ ನಿಲ್ಲಿಸುವವರು ನಮ್ಮ ಕಡೆ ಬಹಳ. ದಯವಿಟ್ಟು ಹಾಗೆ ಮಾಡಬೇಡಿ.

ಎರಡು ಔಷಧಿ ಬೆರೆಸಿದ್ದರ ಬದಲು ಒಂದೊಂದೇ ಔಷಧಿಯಿರುವ ಮಾತ್ರೆಗಳನ್ನು ಬರೆದುಕೊಡಲು ವೈದ್ಯರನ್ನು ಕೇಳಿ ಎಂಬುದು ನನ್ನ ಸಲಹೆ. ಆಸ್ಪಿರಿನ್ ಸೇರಿಸಿದ ಅಟಾರ್ವಾಸ್ಟಾಟಿನ್ ಕ್ಯಾಪ್ಸೂಲ್ ನುಂಗಿ, ಮೇಲೆ ಹಳೆಯ ಆಸ್ಪಿರಿನ್ನನ್ನೂ ಮುಂದುವರಿಸಿದವರನ್ನು ನಾನು ಕಂಡಿದ್ದೇನೆ. ಜನೌಷಧಿ ಕೇಂದ್ರದ ಮಾತ್ರೆ ಧಾರಾಳವಾಗಿ ಕೊಳ್ಳಿ. ಸ್ಟ್ರಿಪ್ ಕತ್ತರಿಸಿ ಕೊಡುವಾಗ ಹೆಸರು, ಮುಕ್ತಾಯದ ದಿನಾಂಕಗಳಿರುವ ತುದಿ ಅಂಗಡಿಯಲ್ಲೇ ಉಳಿದು, ನಿಮ್ಮ ಕೈಗೆ ಬರೀ ಬೆಳ್ಳಿ ಹಾಳೆ ಬರುತ್ತದೆ. ಪೂರ್ತಿ ಸ್ಟ್ರಿಪ್ಪನ್ನೇ ಕೇಳಿ.

ಮತ್ತೆ ಬಾಯಿ ಸೊಟ್ಟಗಾದರೆ, ಕೈ ಜೋತುಬಿದ್ದರೆ, ಮಾತು ತೊದಲಿದರೆ ಬಾಯಿಗೆ ಮಾತ್ರೆ ಹಾಕದೆ 108ಕ್ಕೆ ಕರೆ ಮಾಡಿ. ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಲಕ್ಷಣ ಶುರುವಾದಾಗಿನಿಂದ ನಾಲ್ಕೂವರೆ ಗಂಟೆಯಷ್ಟೇ ಅವಕಾಶ. ಗಂಟಲು ನೋವಿಗೆಂದು ಬೇರೆ ವೈದ್ಯರಲ್ಲಿಗೆ ಹೋದಾಗಲೂ ಈ ಮಾತ್ರೆಯ ಹೆಸರನ್ನು ಮೊದಲೇ ಹೇಳಿ, ಏಕೆಂದರೆ ಕ್ಲಾರಿಥ್ರೊಮೈಸಿನ್‌ನಂಥ ಆಂಟಿಬಯೋಟಿಕ್ ಜೊತೆ ಸೇರಿದರೆ ಅಟಾರ್ವಾಸ್ಟಾಟಿನ್ ರಕ್ತದಲ್ಲಿ ಹೆಚ್ಚಾಗಿ ಸ್ನಾಯುಗಳಿಗೆ ಹಾನಿಯಾಗಬಹುದು.